ಓದುಗರ ಪ್ರಶ್ನೆ: ಕೈಸುಡುವ ಸ್ಟೆಪ್ಪರ್ ಮೋಟರಿಗೆ ಏನು ಮಾಡುವುದು?

ಪ್ರಶ್ನೆ: ಮರದ ಕೆತ್ತನೆಗೆಂದು ಸಿಎನ್‌ಸಿ ರೌಟರ್ (ಕಂಪ್ಯೂಟರ್ ನಡೆಸುವ ಕೆತ್ತನೆ ಯಂತ್ರ) ಕಟ್ಟಿಕೊಂಡಿದ್ದೇವೆ. ನೆಮಾ 23 ಅಳತೆಯ ಸ್ಟೆಪ್ಪರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ) ಮೋಟರುಗಳನ್ನು 18 ಮಿ.ಮೀ. ಪ್ಲೈವುಡ್ಡಿಗೆ ಬಿಗಿದಿದ್ದೇವೆ. ಗಂಟೆಯೊಳಗೆ ಮುಟ್ಟಲಾಗದಷ್ಟು ಕಾಯುತ್ತವೆ. ಕೆಲಸ ನಿಲ್ಲಿಸಿ ಊಟ ಮಾಡಿ ಬಂದರೂ ಹಾಗೇ ಸುಡುತ್ತಿರುತ್ತವೆ. ಸುಟ್ಟುಹೋದಾವೇ? (ಸಾಗರ)

ಉತ್ತರ: ಕೈಯನ್ನು ಥರ್ಮಾಮೀಟರ್ ಮಾಡಿಕೊಳ್ಳಬೇಡಿ. 60 ಡಿಗ್ರಿಯ ಲೋಹದ ಮೇಲೆಯೇ ಕೈ ನಿಲ್ಲುವುದಿಲ್ಲ. ಸಾಮಾನ್ಯ ಸ್ಟೆಪ್ಪರಿನ ಸುರುಳಿಗಿರುವ ಬಿ ದರ್ಜೆಯ ಇನ್ಸುಲೇಶನ್ 130 ಡಿಗ್ರಿವರೆಗೆ ತಾಳುತ್ತದೆ. ಒಳಗಿನ ಸುರುಳಿ ಹೊರಮೈಗಿಂತ ಬಿಸಿಯಿರುವುದರಿಂದ ಮೈಯನ್ನು 80 ಡಿಗ್ರಿಯೊಳಗೆ ಇಟ್ಟುಕೊಂಡರೆ ಸಾಕು. ಥರ್ಮೋಕಪಲ್ ಇರುವ ಮಲ್ಟಿಮೀಟರಿನ ತುದಿಯನ್ನು ಮೋಟರಿನ ಮೈಗೆ ಟೇಪಿನಿಂದ ಅಂಟಿಸಿ, ಎರಡು ಗಂಟೆ ಓಡಿಸಿ ನೋಡಿ. ಇನ್‌ಫ್ರಾರೆಡ್ ಗನ್ ಹೊಳೆಯುವ ಲೋಹದ ಮೇಲೆ ಕಡಿಮೆ ತೋರಿಸುತ್ತದೆ. ಅದೇ ಇರುವುದಾದರೆ ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಿರಿ.

ಊಟದ ಹೊತ್ತಿನಲ್ಲೂ ಕಾಯುವುದಕ್ಕೆ ಕಾರಣವಿದೆ. ಸ್ಟೆಪ್ಪರ್ ನಿಂತಲ್ಲೇ ಬಿಗಿಹಿಡಿದು ನಿಲ್ಲಬೇಕಾದ್ದರಿಂದ, ತಿರುಗದಿದ್ದಾಗಲೂ ಅದರಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಫೇಸಿಗೆ (ಒಂದು ಸುರುಳಿಗೆ) 2.8 ಆಂಪ್, 1 ಓಮ್ ಇರುವ ಮೋಟರಿನ ಎರಡು ಸುರುಳಿಗಳೂ ಪೂರ್ತಿ ಕರೆಂಟಿನಲ್ಲಿದ್ದರೆ ಸುಮಾರು 15.7 ವ್ಯಾಟ್ ಶಾಖ. ಕರೆಂಟ್ ಅರ್ಧವಾದರೆ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ, 4 ವ್ಯಾಟಿಗೂ ಕಡಿಮೆ. ಮೋಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಯಾದ ಡ್ರೈವರ್ ಡಿಎಂ542 ಮಾದರಿಯದಾದರೆ, ಅದರಲ್ಲಿ ಎಸ್‌ಡಬ್ಲ್ಯು4 ಸ್ವಿಚ್ ಆಫ್ ಇಟ್ಟರೆ ನಿಂತಾಗ ತಾನಾಗಿ ಅರ್ಧ ಕರೆಂಟಿಗೆ ಬರುತ್ತದೆ. ನಿಮ್ಮದು ಆನ್ ಇರಬಹುದು, ಮೊದಲು ಅದನ್ನು ನೋಡಿ. ಓಡುವಾಗಿನ ಕರೆಂಟನ್ನೂ ಶೇ. 15ರಷ್ಟು ಇಳಿಸಿದರೆ ಶಾಖ ಶೇ. 28ರಷ್ಟು ಕಡಿಮೆಯಾಗುತ್ತದೆ. ಬಲ ಕಡಿಮೆಯಾಗುವುದು ಶೇ. 15 ಮಾತ್ರ. ಸ್ಟೆಪ್ ತಪ್ಪದಿದ್ದರೆ ಧಾರಾಳವಾಗಿ ಇಳಿಸಿ.

ಮೇಲೆ ಕೆಳಗೆ ಓಡುವ ಜೆಡ್ ಅಕ್ಷದಲ್ಲಿ ಮಾತ್ರ ಮೊದಲು ಲೆಕ್ಕ ಹಾಕಬೇಕು. 12 ಕಿಲೋ ತೂಕದ ಸ್ಪಿಂಡಲ್ (ಕೆತ್ತುವ ಉಳಿಯನ್ನು ತಿರುಗಿಸುವ ಭಾಗ) 5 ಮಿ.ಮೀ. ಲೀಡಿನ (ಒಂದು ಸುತ್ತಿಗೆ ಅಷ್ಟು ಸಾಗುವ) ಬಾಲ್‌ಸ್ಕ್ರೂ ಮೇಲಿದ್ದರೆ ಹಿಡಿದಿಡಲು 0.1 ನ್ಯೂಟನ್ ಮೀಟರ್ ಸಾಕು, ಅರ್ಧ ಕರೆಂಟಿನಲ್ಲೂ ನಿಶ್ಚಿಂತೆ. ಅದೇ ತೂಕ 25 ಮಿ.ಮೀ. ವ್ಯಾಸದ ಪಿನಿಯನ್ (ಚಿಕ್ಕ ಹಲ್ಲುಚಕ್ರ) ಮೇಲಿದ್ದರೆ 1.5 ನ್ಯೂಟನ್ ಮೀಟರ್ ಬೇಕು, ಆಗ ಅರ್ಧ ಕರೆಂಟಿನಲ್ಲಿ ಜಾರಬಹುದು. ಕರೆಂಟೇ ಹೋದರೆ ಹಿಡಿತವೂ ಹೋಗುತ್ತದೆ. ನಮ್ಮ ಕಡೆ ಮಳೆಗಾಳಿಗೆ ಮರ ಬಿದ್ದು ಲೈನ್ ಹೋಗುವುದು ಹೊಸದಲ್ಲವಲ್ಲ, ಅಂಥ ಜೆಡ್ ಅಕ್ಷಕ್ಕೆ ಬ್ರೇಕ್ ಇರುವ ಮೋಟರನ್ನೇ ಹಾಕಿ. ಕೆಳಗೆ ಕೈಯಿಟ್ಟವರ ಬೆರಳಿನ ಪ್ರಶ್ನೆ ಅದು.

ಇನ್ನು ಪ್ಲೈವುಡ್. ಇದೇ ಮುಖ್ಯ ತಪ್ಪು. ಸ್ಟೆಪ್ಪರಿನ ಶಾಖದ ದೊಡ್ಡ ಪಾಲು ಮುಂದಿನ ಫ್ಲಾಂಜಿನಿಂದ (ಬೋಲ್ಟ್ ಬಿಗಿಯುವ ಚಪ್ಪಟೆ ಮುಖ) ಪ್ಲೇಟಿಗೆ ಇಳಿಯಬೇಕು. ಡೇಟಾಶೀಟಿನಲ್ಲಿರುವ ಉಷ್ಣತೆಯ ಅಂಕಿಗಳನ್ನು ಸಾಮಾನ್ಯವಾಗಿ ಅಲ್ಯೂಮಿನಿಯಂ ಪ್ಲೇಟಿಗೆ ಬಿಗಿದೇ ಅಳೆದಿರುತ್ತಾರೆ. ಶಾಖ ಸಾಗಿಸುವುದರಲ್ಲಿ ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಸಮರ್ಥ. ಸ್ಟೇನ್‌ಲೆಸ್ ಸ್ಟೀಲ್ ನೋಡಲು ಚೆಂದ, ಆದರೆ ಈ ಕೆಲಸಕ್ಕೆ ಅಲ್ಯೂಮಿನಿಯಮ್ಮಿನ ಹತ್ತನೇ ಒಂದು ಭಾಗವೂ ಅಲ್ಲ. ಸಾಲದ್ದಕ್ಕೆ ಪ್ಲೈವುಡ್ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಬೋಲ್ಟ್ ಸಡಿಲವಾಗಿ ಅಲೈನ್‌ಮೆಂಟೂ ಕೆಡುತ್ತದೆ.

10 ಮಿ.ಮೀ. ದಪ್ಪದ, ಕನಿಷ್ಠ 150 ಮಿ.ಮೀ. ಚೌಕದ ಅಲ್ಯೂಮಿನಿಯಂ ಪ್ಲೇಟ್ ತನ್ನಿ. ಮೋಟರಿನ ಮುಂದಿನ ಉಬ್ಬು 38.1 ಮಿ.ಮೀ., ಅದು ಅಲುಗದೆ ಕೂರುವಷ್ಟು ಬಿಗಿಯಾದ ತೂತು ಕೊರೆಸಿ. ಮೋಟರನ್ನು ನಡುವಿಗೆ ತರುವುದು ಈ ಉಬ್ಬು, ಬೋಲ್ಟುಗಳಲ್ಲ. ಬೋಲ್ಟಿನ ತೂತುಗಳ ನಡುವೆ 47.14 ಮಿ.ಮೀ. ಫ್ಲಾಂಜ್ ಕೂರುವ ಜಾಗದಲ್ಲಿ ಪೇಂಟ್, ಪುಡಿ, ಚೂಪು ಅಂಚು ಏನೂ ಇರಬಾರದು. ಥರ್ಮಲ್ ಪೇಸ್ಟನ್ನು ತೆಳುವಾಗಿ ಸವರಿ, ನಾಲ್ಕು ಬೋಲ್ಟುಗಳನ್ನು ಅಡ್ಡಡ್ಡ ಜೋಡಿಯಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕಂಪನಕ್ಕೆ ಬಿಚ್ಚದಂತೆ ನೀಲಿ ಥ್ರೆಡ್‌ಲಾಕರಿನ ಒಂದು ಹನಿ ಸಾಕು. ಪ್ಲೇಟನ್ನು ಯಂತ್ರದ ಲೋಹದ ಚೌಕಟ್ಟಿಗೇ ಕೂರಿಸಿ. ಮತ್ತೆ ಮರಕ್ಕೆ ಬಿಗಿದರೆ ಅರ್ಧ ಲಾಭ ಅಲ್ಲೇ ಹೋಯಿತು.

ಪ್ರಶ್ನೆ: ನೆಮಾ 34 ಮೋಟರ್, ಬೆಲ್ಟ್ ಡ್ರೈವ್. ಒಂದೇ ವರ್ಷದಲ್ಲಿ ಎರಡು ಮೋಟರುಗಳ ಮುಂದಿನ ಬೇರಿಂಗ್ ಹೋಗಿದೆ. ಫ್ಯಾನ್ ಇಟ್ಟರೆ ಸರಿಹೋದೀತೇ? (ಮಾಚೇನಹಳ್ಳಿ, ಶಿವಮೊಗ್ಗ)

ಉತ್ತರ: ಫ್ಯಾನ್ ಬಿಸಿಗೆ ಮದ್ದು, ಬೇರಿಂಗಿಗಲ್ಲ. ಈ ಅಳತೆಯ ಮೋಟರುಗಳಿಗೆ ಡೇಟಾಶೀಟ್ ಸಾಮಾನ್ಯವಾಗಿ ಫ್ಲಾಂಜಿನಿಂದ 20 ಮಿ.ಮೀ. ದೂರದಲ್ಲಿ 220 ನ್ಯೂಟನ್, ಅಂದರೆ ಸುಮಾರು 22 ಕಿಲೋ ಅಡ್ಡ ಎಳೆತವನ್ನಷ್ಟೇ ಒಪ್ಪುತ್ತದೆ. ಪುಲ್ಲಿ ಶಾಫ್ಟಿನ ತುದಿಯಲ್ಲಿದ್ದರೆ ಅಷ್ಟೂ ಇಲ್ಲ. ಪುಲ್ಲಿಯನ್ನು ಫ್ಲಾಂಜಿನ ಹತ್ತಿರಕ್ಕೆ ತನ್ನಿ, ಬೆಲ್ಟನ್ನು ತಯಾರಕರು ಹೇಳಿದಷ್ಟೇ ಎಳೆಯಿರಿ. ಅದಕ್ಕೂ ಹೆಚ್ಚು ಎಳೆತ ಬೇಕೇಬೇಕು ಎಂದಾದರೆ ಪುಲ್ಲಿಗೆ ಬೇರೆ ಶಾಫ್ಟ್, ಎರಡು ಬದಿ ಬೇರಿಂಗ್ ಕೊಟ್ಟು, ಮೋಟರನ್ನು ಕಪ್ಲಿಂಗಿನಿಂದ ಜೋಡಿಸಿ. ತೆಳು ತಗಡಿನ ಎಲ್ ಬ್ರಾಕೆಟ್ ಆಗಿದ್ದರೆ ಬೆಲ್ಟ್ ಎಳೆದಾಗಲೆಲ್ಲ ಬಾಗುತ್ತದೆ, ಬದಿಗೆ ಮೂಲೆಪಟ್ಟಿ ಬೆಸುಗೆ ಹಾಕಿಸಿ. ಪುಲ್ಲಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಆ ಪೆಟ್ಟು ನೇರ ಬೇರಿಂಗಿನ ಗುಂಡುಗಳಿಗೆ ಬೀಳುತ್ತದೆ.

230 ವೋಲ್ಟ್ ಎಸಿ ಡ್ರೈವರ್ ಆಗಿದ್ದರೆ ಮೋಟರಿನ ಮೈಗೆ ಪ್ರತ್ಯೇಕ ಅರ್ಥ್ ತಂತಿ ಕಡ್ಡಾಯ. ಬೋಲ್ಟಿನ ಮೂಲಕ ಅರ್ಥ್ ಸಿಗುತ್ತದೆ ಎಂದು ನಂಬಬೇಡಿ, ಪೇಂಟ್ ಅದನ್ನು ತಡೆಯಬಹುದು. ವಿದ್ಯುತ್ ಇರುವಾಗ ಮೋಟರಿನ ತಂತಿ ಬಿಚ್ಚಿದರೆ ಡ್ರೈವರ್ ಸುಡುತ್ತದೆ. ಆಫ್ ಮಾಡಿದ ಮೇಲೂ ಕೆಪಾಸಿಟರ್ ಖಾಲಿಯಾಗಲು ಐದು ನಿಮಿಷ ಕಾಯಿರಿ.

ಪ್ರಶ್ನೆ: ಅಡಿಕೆ ವಿಂಗಡಿಸುವ ಯಂತ್ರ ಸುಗ್ಗಿ ಮುಗಿದ ಮೇಲೆ ಮಳೆಗಾಲವಿಡೀ ನಿಂತಿರುತ್ತದೆ. ಮೋಟರುಗಳಿಗೆ ಪ್ಲಾಸ್ಟಿಕ್ ಸುತ್ತಿಟ್ಟರೂ ತುಕ್ಕು ಹಿಡಿದು ಶಾಫ್ಟ್ ತಿರುಗುತ್ತಿಲ್ಲ. (ತೀರ್ಥಹಳ್ಳಿ)

ಉತ್ತರ: ಸುತ್ತಿಟ್ಟದ್ದರಿಂದಲೇ ಹೀಗಾಗಿರುವ ಸಾಧ್ಯತೆ ಹೆಚ್ಚು. ಒಳಗೆ ಸಿಕ್ಕಿಕೊಂಡ ತೇವ ರಾತ್ರಿಯ ತಂಪಿಗೆ ಹನಿಯಾಗಿ ಇಳಿಯುತ್ತದೆ. ರೋಟರ್ (ತಿರುಗುವ ಭಾಗ) ಮತ್ತು ಸ್ಟೇಟರ್ (ತಿರುಗದ ಭಾಗ) ನಡುವಿನ ಸಂದು ಸುಮಾರು 0.05 ಮಿ.ಮೀ., ತೆಳು ತುಕ್ಕೇ ಅದನ್ನು ಕಚ್ಚಿಸಲು ಸಾಕು. ಪ್ಲಾಸ್ಟಿಕ್ ತೆಗೆದು, ಮೇಲಿನಿಂದ ನೀರು ಬೀಳದಂತೆ, ಬದಿಯಿಂದ ಗಾಳಿಯಾಡುವಂತೆ ತಗಡಿನ ಮಾಡು ಕೊಡಿ. ವಾರಕ್ಕೊಮ್ಮೆ ಎರಡು ಗಂಟೆ ಡ್ರೈವರ್ ಆನ್ ಮಾಡಿಟ್ಟರೆ ನಿಂತಾಗಲೂ ಹರಿಯುವ ಕರೆಂಟಿನ ಶಾಖವೇ ಮೋಟರನ್ನು ಒಣಗಿಸುತ್ತದೆ. ಸಾಗರದವರಿಗೆ ತೊಂದರೆ ಕೊಟ್ಟ ಬಿಸಿ ಇಲ್ಲಿ ಉಪಕಾರಿ. ಕೇಬಲ್ ಕೆಳಗಿಂದ ಮೇಲೇರಿ ಮೋಟರಿಗೆ ಸೇರಲಿ, ಆಗ ನೀರು ತಂತಿಯುದ್ದಕ್ಕೂ ಒಳಹೋಗುವುದಿಲ್ಲ.

ಸುಗ್ಗಿಗೆ ಮುನ್ನ ತಂತಿಗಳನ್ನು ಡ್ರೈವರಿನಿಂದ ಬಿಚ್ಚಿ, 500 ವೋಲ್ಟ್ ಮೆಗ್ಗರಿನಿಂದ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಸುರುಳಿ ಮತ್ತು ಮೈಯ ನಡುವೆ ಅಳೆಯಿರಿ. 100 ಮೆಗಾಓಮಿಗಿಂತ ಕಡಿಮೆ ಬಂದರೆ ಒಣಗಿಸಿ ಮತ್ತೆ ಅಳೆಯುವವರೆಗೆ ಓಡಿಸಬೇಡಿ.

ಪ್ರಶ್ನೆ: ತುಕ್ಕು ಹಿಡಿದು ಕಚ್ಚಿಕೊಂಡ ಮೋಟರನ್ನು ಬಿಚ್ಚಿ ಎಮರಿ ಹಾಕಿ ಉಜ್ಜಬಹುದೇ? (ಹೊಸನಗರ)

ಉತ್ತರ: ಬೇಡ. ರೋಟರನ್ನು ಹೊರಗೆಳೆದರೆ ಅದರ ಆಯಸ್ಕಾಂತ ದುರ್ಬಲವಾಗುತ್ತದೆ, ಮರಳಿ ಜೋಡಿಸಿದರೂ ಮೊದಲಿನ ಬಲ ಬರುವುದಿಲ್ಲ. ಕಚ್ಚಿಕೊಂಡ ಮೋಟರಿಗೆ ಬದಲಿ ಹಾಕುವುದೇ ದಾರಿ. ಹೊಸದು ತರುವಾಗ ಐಪಿ65 (ಧೂಳು, ನೀರು ತಡೆಯುವ ದರ್ಜೆ) ಕೇಳಿ. ಆದರೆ ಬಹಳಷ್ಟು ಮಾದರಿಗಳಲ್ಲಿ ಆ ರಕ್ಷಣೆ ಶಾಫ್ಟ್ ಹೊರಬರುವ ಮುಖಕ್ಕೆ ಇರುವುದಿಲ್ಲ, ಅಲ್ಲಿ ಆಯಿಲ್ ಸೀಲ್ ಇದೆಯೇ ಎಂದು ನೋಡಿಯೇ ಕೊಳ್ಳಿ.