ಸ್ಕೂಬಾ ಕಾರ್ಡಲ್ಲಿ ಬ್ಲಡ್ ಗ್ರೂಪ್ ಹುಡುಕಬೇಡಿ, ಹೆಸರು ಸರಿ ಇದೆಯಾ ನೋಡಿ

ಮುರುಡೇಶ್ವರದಲ್ಲಿ ಸ್ಕೂಬಾ, ಅಂದರೆ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವ ಕೋರ್ಸ್ ಮುಗಿಸಿದ್ದೀರಿ, ಕಾರ್ಡೂ ಬಂದಿದೆ. ಅದರಲ್ಲಿ ಬ್ಲಡ್ ಗ್ರೂಪ್ ಇಲ್ಲ, ಮನೆಯವರ ಫೋನ್ ನಂಬರ್ ಇಲ್ಲ, ಎಷ್ಟು ಆಳಕ್ಕೆ ಹೋಗಬಹುದು ಅಂತ ಇಲ್ಲ, ಇದು ಅಸಲಿಯೇನಾ ಅಂತ ಕೇಳಿದ್ದೀರಿ. ನಾನೂ ಹೀಗೇ ಇಲ್ಲದ್ದನ್ನೆಲ್ಲ ಹುಡುಕುತ್ತಾ ಕೂತಿದ್ದೆ. ಇದ್ದದ್ದನ್ನು ಮಾತ್ರ ಓದಲಿಲ್ಲ.

ನನ್ನ ಕೋರ್ಸೂ ಅಲ್ಲೇ, ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲೇ ಆಗಿದ್ದು. ಕೊನೇ ಡೈವ್ ಮುಗಿಸಿ ದೋಣಿಯಲ್ಲಿ ವಾಪಸ್ ಬಂದಾಗ ಹೊಟ್ಟೆ ತೊಳೆಸುತ್ತಿತ್ತು, ಕಿವಿಯಲ್ಲಿ ಇನ್ನೂ ನೀರು. ಇನ್‌ಸ್ಟ್ರಕ್ಟರ್ ಮೊಬೈಲ್ ಕೈಗಿಟ್ಟು, ಕಾರ್ಡಿಗೆ ಈ ಫಾರ್ಮ್ ತುಂಬಿಬಿಡಿ ಅಂದರು. ಫಸ್ಟ್ ನೇಮ್ ಜಾಗದಲ್ಲಿ ಪ್ರವೀಣ್ ಅಂತ ಹಾಕಿದೆ. ಲಾಸ್ಟ್ ನೇಮ್ ಅಂತ ಕೇಳಿತು. ನಮಗೆಲ್ಲಿದೆ ಲಾಸ್ಟ್ ನೇಮು? ಎಚ್ ಎಂ ಅಂತ ಹಾಕಿ ಮೊಬೈಲ್ ವಾಪಸ್ ಕೊಟ್ಟೆ.

ಇದೊಂದೇ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇನಿಷಿಯಲ್ ಇರುವ ನಮ್ಮವರೆಲ್ಲ ಮಾಡುವ ತಪ್ಪು ಇದೇ. ಎಚ್ ಅಂದರೆ ಹೊನ್ನಾಳಿ, ಎಂ ಅಂದರೆ ಮಲ್ಲಪ್ಪ, ನಮ್ಮಪ್ಪ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿದ್ದೆ. ಹಾಗಾಗಿ ಸರ್‌ನೇಮ್ ಜಾಗದಲ್ಲಿ ಹೊನ್ನಾಳಿ ಮಲ್ಲಪ್ಪ ಅಂತಿದೆ. ಇನ್ನು ಹೆಸರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಇದ್ದ ಹಾಗೆ, ಕೊನೆಗೆ ಒಂದು ಎ ಸೇರಿಸಿ ಪ್ರವೀಣ ಅಂತಿದೆ. ಆಫೀಸಲ್ಲಿ ಆ ಎ ಇಲ್ಲ. ಅಂದರೆ ಪಾಸ್‌ಪೋರ್ಟಿನ ಮನುಷ್ಯನೇ ಬೇರೆ, ಸ್ಕೂಬಾ ಕಾರ್ಡಿನ ಮನುಷ್ಯನೇ ಬೇರೆ. ಕಾರ್ಡ್ ಬಂದಾಗ ಫೋಟೋದಲ್ಲಿ ಮೂಗು ದಪ್ಪ ಕಾಣುತ್ತಿದೆ ಅಂತ ಬೇಜಾರು ಮಾಡಿಕೊಂಡೆನೇ ಹೊರತು ಹೆಸರಿನ ಕಡೆ ಕಣ್ಣೇ ಹೋಗಲಿಲ್ಲ.

ಮುಂದಿನ ಜುಲೈನಲ್ಲಿ ನಾಲ್ಕು ಜನ ಬಾಲಿಗೆ ಹೋದೆವು. ತುಲಂಬೆನ್ ಅಂತ ಊರು, ಕಪ್ಪು ಕಲ್ಲಿನ ದಡ. ಲಿಬರ್ಟಿ ಅಂತ ಅಮೆರಿಕದ ಸರಕು ಹಡಗು ಅಲ್ಲಿ ಮುಳುಗಿದೆ. 1942ರ ಜನವರಿಯಲ್ಲಿ ಜಪಾನಿನ ಸಬ್‌ಮರೀನ್ ಟಾರ್ಪಿಡೋ ಹೊಡೆದಿತ್ತು. ಹೇಗೋ ಎಳೆದು ತಂದು ದಡ ಹತ್ತಿಸಿದ್ದರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಹಡಗು ದಡದಿಂದ ಜಾರಿ ನೀರಿಗೆ ಬಿತ್ತು. ಈಗ ಸುಮಾರು 5 ಮೀಟರ್‌ನಿಂದ 30 ಮೀಟರ್‌ವರೆಗೆ ಇಳಿಜಾರಲ್ಲಿ ಮಲಗಿದೆ. ದೋಣಿ ಬೇಕಿಲ್ಲ, ಸಿಲಿಂಡರ್ ಹೊತ್ತು ನಡೆದುಕೊಂಡೇ ಇಳಿಯಬಹುದು. ಇದಕ್ಕೋಸ್ಕರವೇ ನಾನು ಅಷ್ಟು ದೂರ ಹೋಗಿದ್ದು.

ಬೆಳಿಗ್ಗೆ ಏಳಕ್ಕೆ ಡೈವ್ ಸೆಂಟರಲ್ಲಿ ಕಾರ್ಡ್ ಕೇಳಿದರು. ಕಾರ್ಡ್ ದಾವಣಗೆರೆಯಲ್ಲಿ. ಹೆಸರು ಹಾಕಿದರೆ ಆನ್‌ಲೈನಲ್ಲಿ ಸಿಗುತ್ತದಲ್ಲ ಅಂದೆ. ಆ ಹುಡುಗ ಪಾಸ್‌ಪೋರ್ಟ್ ನೋಡಿ ಹೆಸರು, ಹುಟ್ಟಿದ ದಿನಾಂಕ ಹೊಡೆದ. ಇಲ್ಲ. ಎ ತೆಗೆದು ನೋಡಿದ. ಇಲ್ಲ. ಮತ್ತೆ ಎ ಸೇರಿಸಿ, ಎಚ್ ಎಂ ಕೂಡಿಸಿ, ಬಿಡಿಸಿ, ಮಧ್ಯೆ ಚುಕ್ಕಿ ಇಟ್ಟು ನೋಡಿದ. ಇಲ್ಲ, ಇಲ್ಲ, ಇಲ್ಲ. ಡೈವರ್ ನಂಬರ್ ಹೇಳಿ ಸಾಕು ಅಂದ. ಅದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಅಮ್ಮನಿಗೆ ಫೋನ್ ಮಾಡಿದೆ. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಅಂದರೆ ಮನೆಯಲ್ಲಿ ಬೆಳಗಿನ ಜಾವ ನಾಲ್ಕೂವರೆ. ನಾಲ್ಕನೇ ಸಲಕ್ಕೆ ಎತ್ತಿ, "ಏನಾಯ್ತೋ?" ಅಂತ ಗಾಬರಿ. ನನ್ನ ಫೋಟೋ ಇರುವ ಕಾರ್ಡು ಬೇಕು, ಮೀನಿನ ಚಿತ್ರ ಇದೆ ಅಂದೆ. ಮೊದಲು ಪ್ಯಾನ್ ಕಾರ್ಡಿನ ಫೋಟೋ ಬಂತು. ಆಮೇಲೆ ಕಾಲೇಜ್ ಐಡಿ. ಅಷ್ಟರಲ್ಲಿ ಗೆಳೆಯರು ವೆಟ್‌ಸೂಟ್ ಹಾಕಿಕೊಂಡು ಹೊರಟಾಗಿತ್ತು.

ಸೆಂಟರಿನವರು ಹೇಳಿದ್ದು ಸರಿಯಾಗೇ ಇತ್ತು. ಖಾತ್ರಿಯಾಗದಿದ್ದರೆ ನೀವು ಮೊದಲ ಸಲ ನೀರಿಗಿಳಿಯುವವರ ಲೆಕ್ಕ, 12 ಮೀಟರ್ ಮಾತ್ರ, ಜೊತೆಗೆ ಇನ್‌ಸ್ಟ್ರಕ್ಟರ್. ಮೇಲೆ ದುಡ್ಡೂ ಜಾಸ್ತಿ. ನನ್ನದು ಓಪನ್ ವಾಟರ್, ಅಂದರೆ ಸ್ವತಂತ್ರವಾಗಿ ಡೈವ್ ಮಾಡಲು ಬಿಡುವ ಮೊದಲ ಲೆವೆಲ್ಲಿನ ಕಾರ್ಡ್, ಅದಕ್ಕೆ 18 ಮೀಟರ್ ಸಿಗಬೇಕಿತ್ತು. ಆರು ಮೀಟರ್ ಏನು ಮಹಾ ಅನ್ನಬಹುದು, ಆದರೆ ಆ ಇನ್‌ಸ್ಟ್ರಕ್ಟರ್ ನನ್ನ ಸಿಲಿಂಡರ್ ಹಿಡಿದುಕೊಂಡು ಮಗುವನ್ನು ಜಾತ್ರೆಗೆ ಕರೆದೊಯ್ದ ಹಾಗೆ ಕರೆದೊಯ್ದರು, ಕೆಳಗೆ ಗೆಳೆಯರ ಗುಳ್ಳೆ ಮಾತ್ರ ಕಾಣುತ್ತಿತ್ತು. ಮೇಲೆ ಬಂದು ಫೋನ್ ನೋಡಿದರೆ ಅಸಲಿ ಕಾರ್ಡಿನ ಫೋಟೋ ಬಂದಿದೆ. ಗ್ಯಾಸ್ ಪುಸ್ತಕದ ಒಳಗಿತ್ತಂತೆ. ನಂಬರ್ ಹಾಕಿದ ತಕ್ಷಣ ದಪ್ಪ ಮೂಗಿನ ಸಮೇತ ನಾನು ಸ್ಕ್ರೀನ್ ಮೇಲೆ ಬಂದೆ. ಅಷ್ಟರಲ್ಲಿ ನಮ್ಮ ವ್ಯಾನಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

ಈಗ ನಿಮ್ಮ ಪ್ರಶ್ನೆ. ಬ್ಲಡ್ ಗ್ರೂಪ್ ಬೇಡ ರೀ. ದೋಣಿಯಲ್ಲಿ ಯಾರೂ ರಕ್ತ ಕೊಡುವುದಿಲ್ಲ, ಆಸ್ಪತ್ರೆಯವರು ಕಾರ್ಡ್ ನೋಡಿ ನಂಬುವುದೂ ಇಲ್ಲ. ಆಸ್ತಮಾ, ಹೃದಯ, ಕಿವಿ ಇದೆಲ್ಲ ಮೆಡಿಕಲ್ ಫಾರ್ಮಲ್ಲಿ ಕೇಳುತ್ತಾರೆ, ಮನೆಯವರ ನಂಬರನ್ನು ಸೆಂಟರಿನ ರಿಜಿಸ್ಟರಲ್ಲಿ ಬರೆಸಿಕೊಳ್ಳುತ್ತಾರೆ. ಆಳ ಬರೆದಿಲ್ಲ ಅಂತ ಚಿಂತೆ ಬೇಡ, ಅದು ಲೆವೆಲ್ ಹೆಸರಲ್ಲೇ ಇದೆ. ಇಂಥ ಕಾರ್ಡ್ ಕೊಡುವ ಏಜೆನ್ಸಿಗಳಲ್ಲಿ ಒಂದಾದ ಪಾಡಿಯಲ್ಲಾದರೆ (PADI) ಓಪನ್ ವಾಟರ್‌ಗೆ 18 ಮೀಟರ್, ಅದರ ಮುಂದಿನ ಅಡ್ವಾನ್ಸ್‌ಡ್‌ಗೆ 30. ಪಾಡಿ ಕಾರ್ಡಲ್ಲಿ ಬರೀ "ಸ್ಕೂಬಾ ಡೈವರ್" ಅಂತಿದ್ದರೆ ಹುಷಾರು, ಕೇಳಲು ದೊಡ್ಡದು ಅನಿಸಿದರೂ ಅದು ಓಪನ್ ವಾಟರ್‌ಗಿಂತ ಕೆಳಗಿನದು, 12 ಮೀಟರ್, ಅದೂ ಇನ್‌ಸ್ಟ್ರಕ್ಟರ್ ಅಥವಾ ಡೈವ್‌ಮಾಸ್ಟರ್ ಜೊತೆಗೇ. ಕೆಲವು ಕಾರ್ಡಲ್ಲಿ ಐಎಸ್‌ಒ 24801-2 ಅಂತ ಅಂತರರಾಷ್ಟ್ರೀಯ ಮಾನದಂಡದ ನಂಬರೂ ಇರುತ್ತದೆ, ಸ್ವತಂತ್ರವಾಗಿ ಡೈವ್ ಮಾಡಬಲ್ಲವರು ಅಂತ ಅರ್ಥ. ಕೊನೆಗೆ 1 ಇದ್ದರೆ ಮೇಲ್ವಿಚಾರಣೆ ಬೇಕು.

ಒಂದು ದಿನದ ಡೈವ್‌ಗೆ ಕೊಟ್ಟ ಬಣ್ಣದ ಸರ್ಟಿಫಿಕೇಟಾದರೆ ಅದು ಬರೀ ನೆನಪಿಗೆ. ನೀವು ಕೋರ್ಸ್ ಮಾಡಿದ್ದೀರಲ್ಲ, ಏಜೆನ್ಸಿ ಹೆಸರು, ಲೆವೆಲ್, ಡೈವರ್ ನಂಬರ್, ಹುಟ್ಟಿದ ದಿನಾಂಕ, ಸರ್ಟಿಫಿಕೇಟ್ ಆದ ದಿನಾಂಕ, ಇನ್‌ಸ್ಟ್ರಕ್ಟರ್ ನಂಬರ್ ಇದ್ದರೆ ಸಾಕು. ಅಸಲಿಯೇನಾ ಅಂತ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದರೆ ಗೊತ್ತಾಗಲ್ಲ, ಆ ನಂಬರನ್ನು ಏಜೆನ್ಸಿಯಲ್ಲೇ ಕೇಳಿ.

ಇನ್ನೊಂದು, ನೀವು ಎಂಥಾ ಡೈವರ್ ಅಂತ ಕಾರ್ಡ್ ಹೇಳಲ್ಲ. ನಮ್ಮ ಜೊತೆ ಬಂದವನ ಕಾರ್ಡ್ 2014ರದ್ದು, ಆಮೇಲೆ ನೀರಿಗೇ ಇಳಿದಿರಲಿಲ್ಲ. ಕಾರ್ಡಿಗೆ ಎಕ್ಸ್‌ಪೈರಿ ಇಲ್ಲವಲ್ಲ, ಇನ್ನೂ ಅಡ್ವಾನ್ಸ್‌ಡ್ ಅಂತಲೇ ಇದೆ. ಸೆಂಟರಿನವರು ಅವನ ಲಾಗ್‌ಬುಕ್, ಅಂದರೆ ಮಾಡಿದ ಡೈವ್‌ಗಳನ್ನು ಬರೆದಿಡುವ ಪುಸ್ತಕ ನೋಡಿ ಹಿಂದಿನ ದಿನ ಈಜುಕೊಳದಲ್ಲಿ ಮಾಸ್ಕ್ ಬಿಚ್ಚಿಸಿ, ಮತ್ತೆ ಹಾಕಿಸಿ ನೋಡಿದ್ದರು. ನೀರಲ್ಲಿ ಇಳಿಯಲು ಸೊಂಟಕ್ಕೆ ಎಷ್ಟು ತೂಕ ಕಟ್ಟಿಕೊಂಡಿದ್ದಿರಿ, ಕೊನೆಯ ಡೈವ್ ಯಾವಾಗ, ಇದೆಲ್ಲ ಲಾಗ್‌ಬುಕ್ಕಿನ ಕೆಲಸ.

ನನ್ನ ಹೆಸರನ್ನು ಆಮೇಲೆ ಏಜೆನ್ಸಿಗೆ ಪಾಸ್‌ಪೋರ್ಟ್ ಕಾಪಿ ಕಳಿಸಿ ಸರಿ ಮಾಡಿಸಿದೆ. ನೀವು ಇವತ್ತೇ ಪಾಸ್‌ಪೋರ್ಟ್ ಪಕ್ಕದಲ್ಲಿ ಕಾರ್ಡ್ ಇಟ್ಟು ಒಂದೊಂದೇ ಅಕ್ಷರ ಓದಿ. ಹುಟ್ಟಿದ ದಿನಾಂಕವನ್ನೂ ನೋಡಿ, ಅಮೆರಿಕದ ಕ್ರಮದಲ್ಲಿ ತಿಂಗಳು ಮೊದಲು ಬರುತ್ತದೆ, ಏಪ್ರಿಲ್ 7 ಹೋಗಿ ಜುಲೈ 4 ಆಗಿರುತ್ತದೆ. ಆಮೇಲೆ ಒಂದು ಫೋಟೋ ತೆಗೆದು ನಿಮಗೇ ಮೇಲ್ ಮಾಡಿಕೊಳ್ಳಿ. ನಮ್ಮ ಹೊಸ ಕಾರ್ಡನ್ನೂ ಅಮ್ಮ ಗ್ಯಾಸ್ ಪುಸ್ತಕದಲ್ಲೇ ಇಟ್ಟಿದ್ದಾರೆ, ಈಗ ಎಲ್ಲಿದೆ ಅಂತ ಗೊತ್ತಲ್ಲ ಅಂತಾರೆ.