ಓದುಗರ ಪ್ರಶ್ನೆಗೆ ಉತ್ತರ: ಒಣಗಿಸುವ ಕಣದಿಂದ ಎಣ್ಣೆಯ ಗಾಣದವರೆಗೆ

ಪ್ರಶ್ನೆ: ಮನೆಬಳಕೆಗೆಂದು ನಾವೇ ಬೆಳೆದ ಕಡಲೆಕಾಯಿಯನ್ನು ಈ ಸಲ ಮರದ ಗಾಣದಲ್ಲಿ ಆಡಿಸಿದೆವು. ಕಿತ್ತ ಹೊತ್ತಿಗೆ ಜಡಿಮಳೆ ಹಿಡಿದಿದ್ದರಿಂದ ಕಾಯಿ ಸರಿಯಾಗಿ ಒಣಗಿರಲಿಲ್ಲ. ಎಣ್ಣೆ ಬೇಗನೆ ಕಮಟು ವಾಸನೆಗೆ ತಿರುಗಿತು. ಇದು ಗಾಣದ ದೋಷವೋ, ಕಾಯಿಯ ದೋಷವೋ?
– ಓದುಗರೊಬ್ಬರು, ಪಾವಗಡ

ಉತ್ತರ: ನಿಮ್ಮ ವಿವರಣೆಯನ್ನು ನೋಡಿದರೆ ದೋಷ ಬಹುಮಟ್ಟಿಗೆ ಕಣದಲ್ಲೇ ಆಗಿದೆ. ಕಡಲೆಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆಯಿರುತ್ತದೆ. ಅದರಲ್ಲಿ ಓಲಿಯಿಕ್, ಲಿನೋಲಿಯಿಕ್, ಪಾಮಿಟಿಕ್ ಎಂಬ ಕೊಬ್ಬಿನಾಮ್ಲಗಳು ಯಾವ ಪ್ರಮಾಣದಲ್ಲಿವೆ ಎಂಬುದನ್ನು ತಳಿಯೂ ಕಾಯಿಯ ಬಲಿತವೂ ನಿರ್ಧರಿಸುತ್ತವೆಯೇ ಹೊರತು, ಗಾಣವಾಗಲಿ ಮಿಲ್ಲಾಗಲಿ ಅದನ್ನು ಹೆಚ್ಚೇನೂ ಬದಲಿಸುವುದಿಲ್ಲ. ಬದಲಾಗುವುದು ಉಳಿದ ಸಣ್ಣಪುಟ್ಟ ಅಂಶಗಳು, ಮತ್ತು ಎಣ್ಣೆ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂಬುದು.

ಆಗತಾನೆ ಕಿತ್ತ ಕಾಯಿಯಲ್ಲಿ ತೇವಾಂಶ ಶೇಕಡಾ 40ರ ಆಸುಪಾಸಿನಲ್ಲಿರುತ್ತದೆ. ಅದು ಶೇಕಡಾ 8ಕ್ಕೆ ಇಳಿಯುವವರೆಗೂ, ಬೀಜದೊಳಗಿನ ಲೈಪೇಸ್ ಎಂಬ ಕಿಣ್ವವೂ ಹೊರಗಿನ ಬೂಷ್ಟೂ ಕೊಬ್ಬನ್ನು ಒಡೆಯುತ್ತಾ ಹೋಗಿ, ಬಿಡಿ ಕೊಬ್ಬಿನಾಮ್ಲವನ್ನು ಹೆಚ್ಚಿಸುತ್ತವೆ. ಇಂಥ ಎಣ್ಣೆ ಗಾಳಿಬೆಳಕಿಗೆ ಬೇಗ ಸೋಲುತ್ತದೆ. ಹಸಿ ಬಳ್ಳಿಯನ್ನು ಬಣವೆ ಒಟ್ಟಿದರೆ ಒಳಗೆ ಬಿಸಿಯೇರಿ ಈ ಕೆಲಸ ಇನ್ನೂ ಚುರುಕಾಗುತ್ತದೆ. ಆದ್ದರಿಂದ ಗಿಡವನ್ನು ಬುಡಮೇಲು ಮಾಡಿ, ಕಾಯಿಗಳು ಗಾಳಿಗೆ ತೆರೆದಿರುವಂತೆ ಸಾಲಾಗಿ ಇಟ್ಟು ಒಣಗಿಸಿ, ಅಲುಗಿಸಿದಾಗ ಬೀಜ ಗಲಗಲ ಎನ್ನುವವರೆಗೆ ಕಾಯಬೇಕು. ಅವಸರಕ್ಕೆ ಯಂತ್ರದ ಬಿಸಿಗಾಳಿ ಹಾಯಿಸುವವರು 35 ಡಿಗ್ರಿ ಸೆಲ್ಸಿಯಸ್ ಮೀರಬಾರದು. ಮೀರಿದರೆ ಬೀಜದ ರುಚಿ ಕೆಡುತ್ತದೆ, ಸಿಪ್ಪೆ ಸುಲಿದು ಬೇಳೆ ಒಡೆಯುತ್ತದೆ.

ಗಾಣವನ್ನು ಪೂರ್ತಿ ನಿರ್ದೋಷಿ ಎನ್ನಲಾಗದು. ಆಡಿಸುವಾಗ ನೀರು ಚಿಮುಕಿಸುವ ರೂಢಿಯಿದ್ದಲ್ಲಿ ಆ ತೇವ ಎಣ್ಣೆಯಲ್ಲೂ ಸ್ವಲ್ಪ ಉಳಿಯುತ್ತದೆ. ಎಣ್ಣೆಯನ್ನು ತಿಳಿಯಾಗಲು ಬಿಟ್ಟು, ಗಷ್ಟು ಸೇರದಂತೆ ಸೋಸಿ, ಬೆಳಕು ತಾಗದ ಪಾತ್ರೆಯಲ್ಲಿ ತುಂಬಿಡಿ.

ಪ್ರಶ್ನೆ: ಅಂಗಡಿಯ ರಿಫೈನ್ಡ್ ಎಣ್ಣೆಗಿಂತ ಗಾಣದ ಎಣ್ಣೆ ಯಾವಾಗಲೂ ಮೇಲೆಂದು ಹೇಳಬಹುದೇ?
– ಓದುಗರೊಬ್ಬರು, ಶಿರಾ

ಉತ್ತರ: ಯಾವಾಗಲೂ ಎಂದು ಹೇಳಲಾರೆ. ತಿರುಪಿನ ಒತ್ತಡದಿಂದ ಹಿಂಡುವ ಎಕ್ಸ್‌ಪೆಲ್ಲರ್ ಮಿಲ್ಲಿನಲ್ಲಿ ಬೀಜ ಬಿಸಿಯಾಗುವುದರಿಂದ ಎಣ್ಣೆ ಹೆಚ್ಚು ಇಳಿಯುತ್ತದೆ, ಬಣ್ಣವೂ ಫಾಸ್ಫೋಲಿಪಿಡ್ ಎಂಬ ರಂಜಕವುಳ್ಳ ಕೊಬ್ಬಿನಂಶಗಳೂ ಹೆಚ್ಚು ಬರುತ್ತವೆ. ಹಿಂಡಿಯಲ್ಲಿ ಉಳಿದದ್ದನ್ನು 69 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುವ ಹೆಕ್ಸೇನ್ ದ್ರಾವಕದಿಂದ ತೆಗೆದರೆ ಅಲ್ಲಿ ಉಳಿಯುವುದು ಶೇಕಡಾ 1ರಷ್ಟು ಮಾತ್ರ. ದ್ರಾವಕವನ್ನು ಕಾಯಿಸಿ ಆವಿಯಾಗಿ ಹೊರಹಾಕುತ್ತಾರೆ. ಮುಂದೆ ಶುದ್ಧೀಕರಣದಲ್ಲಿ ಕ್ಷಾರವು ಬಿಡಿ ಆಮ್ಲವನ್ನು ತೆಗೆಯುತ್ತದೆ, 200 ಡಿಗ್ರಿ ಮೀರಿದ ಶಾಖದಲ್ಲಿ ಹಬೆ ಹಾಯಿಸಿ ವಾಸನೆ ನೀಗುತ್ತಾರೆ, ಅದರೊಂದಿಗೆ ಘಮವೂ ಇ ಜೀವಸತ್ವದ ಒಂದು ಪಾಲೂ ಹೋಗುತ್ತವೆ.

ಇಷ್ಟನ್ನು ಕೇಳಿ ಗಾಣವೇ ಗೆದ್ದಿತೆಂದು ತೋರಬಹುದು. ಆದರೆ ಬೂಷ್ಟು ಹಿಡಿದ ಬೀಜದಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರ ಉಂಟುಮಾಡುವ ಅಫ್ಲಾಟಾಕ್ಸಿನ್ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿದರೂ, ಒಂದಿಷ್ಟು ಎಣ್ಣೆಗೂ ಇಳಿಯುತ್ತದೆ. ಶುದ್ಧೀಕರಣ ಅದನ್ನು ಬಹುಪಾಲು ತೆಗೆಯುತ್ತದೆ; ಬಟ್ಟೆಯಲ್ಲಿ ಸೋಸಿದರೆ ಅದು ಹೋಗದು. ಆದ್ದರಿಂದ ಗಾಣಕ್ಕೆ ಒಯ್ಯುವ ಮುನ್ನ ಮುರುಟಿದ, ಬಣ್ಣಗೆಟ್ಟ, ಬೂಷ್ಟು ಹಿಡಿದ ಬೀಜವನ್ನು ಆರಿಸಿ ಎಸೆಯಿರಿ. ದನಕ್ಕೂ ಹಾಕಬೇಡಿ, ವಿಷ ಹಾಲಿನಲ್ಲಿ ಬರುತ್ತದೆ.

ಪ್ರಶ್ನೆ: ಹೊಗೆಯಲ್ಲಿ ಒಣಗಿಸಿದ ಕೊಬ್ಬರಿಯ ಎಣ್ಣೆಗೂ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿಯ ಎಣ್ಣೆಗೂ ವ್ಯತ್ಯಾಸವಿದೆಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಎರಡರಲ್ಲೂ ಕೊಬ್ಬರಿ ಎಣ್ಣೆಯ ಮುಖ್ಯ ಕೊಬ್ಬಿನಾಮ್ಲವಾದ ಲಾರಿಕ್ ಆಮ್ಲ ಸುಮಾರು ಅರ್ಧದಷ್ಟೇ. ಆದರೆ ಹೊಗೆಯ ವಾಸನೆಯೂ, ಅದರಲ್ಲಿರುವ ಬೆಂಜೋಪೈರೀನ್‌ನಂಥ ಹಾನಿಕರ ವಸ್ತುಗಳೂ ಎಣ್ಣೆಗೆ ಸೇರುತ್ತವೆ. ಸಿಪ್ಪೆಯ ಸಮೇತ ತಿಂಗಳುಗಟ್ಟಲೆ ಅಟ್ಟದಲ್ಲಿ ತಾನಾಗಿ ಒಣಗುವ ನಿಮ್ಮೂರಿನ ಉಂಡೆ ಕೊಬ್ಬರಿಗೆ ಹೊಗೆ ಹಾಕದಿದ್ದರೆ ಈ ತೊಂದರೆಯಿಲ್ಲ.