ಓದುಗರ ಪ್ರಶ್ನೆ: ಮುನ್ನೂರು ಕೆಜಿ ಎಲ್ಕ್ ಬೆಟ್ಟ ಇಳಿಯೋದು ಹೆಂಗೆ?

ಪ್ರಶ್ನೆ: ಸಾರ್, ನನ್ನ ಮಗ ಅಮೆರಿಕದ ಡೆನ್ವರ್‌ನಲ್ಲಿದಾನೆ. ಅವನ ಆಫೀಸಿನವರೊಬ್ರು ಬೆಟ್ಟದಲ್ಲಿ ಎಲ್ಕ್ ಹೊಡೆದು ಇವನಿಗೂ ಒಂದು ಪಾಲು ಕೊಟ್ರಂತೆ. ಎಲ್ಕ್ ಅಂದ್ರೆ ಎಮ್ಮೆಯಷ್ಟು ಇರುತ್ತೆ ಅಂತಾನೆ. ಅಷ್ಟು ದೊಡ್ಡ ಪ್ರಾಣೀನ ರೋಡಿಲ್ಲದ ಕಾಡಿಂದ ಕೆಳಗೆ ತರೋದು ಹೆಂಗೆ? ಜೀಪ್ ಹೋಗುತ್ತಾ? — ಒಬ್ಬ ಓದುಗರು, ಸಕಲೇಶಪುರ

ಉತ್ತರ: ಹೋಗಲ್ಲ ಸಾರ್, ಅದೇ ಕಷ್ಟ. ನಾನೂ ಡೆನ್ವರ್ ಇರೋ ಕೊಲೊರಾಡೋ ರಾಜ್ಯದಲ್ಲೇ ಕೆಲವು ವರ್ಷ ಇದ್ದೆ, ಒಂದ್ಸಲ ಜೊತೆ ಕೆಲಸ ಮಾಡೋರೊಬ್ರು "ಸುಮ್ನೆ ಬಾ, ವಾಕಿಂಗ್ ಆಗುತ್ತೆ" ಅಂತ ಕರೆದ್ರು, ವಾಕಿಂಗ್ ಅಂದ್ಕೊಂಡು ಹೋದ ನಾನು ಕೂಲಿಯಾಳಾಗಿ ವಾಪಸ್ ಬಂದೆ.

ಎಲ್ಕ್ ಅಂದ್ರೆ ನಮ್ಮ ಕಡವೆ ಜಾತಿಗೇ ಸೇರಿದ್ದು ಅನ್ಕೊಳಿ, ದೊಡ್ಡ ಗಂಡು ಮುನ್ನೂರು ಕೆಜಿ ದಾಟುತ್ತೆ. ಇಬ್ರು ಸೇರಿ ಎಳೆದ್ರೂ ಒಂದು ಅಡಿ ಅಲ್ಲಾಡಲ್ಲ. ಹಾಗಾಗಿ ಬಿದ್ದ ಜಾಗದಲ್ಲೇ ಬಿಡಿಸ್ಬೇಕು. ನಮ್ಮೋರು ಮಾಡಿದ್ದು ಹೊಟ್ಟೆ ಸೀಳದೇ ಬಿಡಿಸೋ ವಿಧಾನ. ಒಂದು ಮಗ್ಗುಲಿಗೆ ಮಲಗಿಸಿ, ಬೆನ್ನಿನ ಉದ್ದಕ್ಕೂ ಚರ್ಮ ಸೀಳಿ ಕೆಳಕ್ಕೆ ಸುಲಿಯೋದು, ಚಾಕು ಯಾವಾಗ್ಲೂ ಚರ್ಮದ ಒಳಗಿಂದ ಹೊರಕ್ಕೆ, ಇಲ್ಲಾಂದ್ರೆ ಕೂದಲು ಕತ್ತರಿಸಿ ಮಾಂಸಕ್ಕೆಲ್ಲ ಮೆತ್ಕೊಳುತ್ತೆ. ಮುಂಗಾಲು ಬಿಡಿಸೋದು ನೋಡಿ ನಂಗೆ ಆಶ್ಚರ್ಯ ಆಯ್ತು, ಅದಕ್ಕೂ ಮೈಗೂ ಮೂಳೆ ಕೀಲೇ ಇಲ್ಲ, ಬರೀ ಮಾಂಸದಲ್ಲಿ ಅಂಟ್ಕೊಂಡಿರುತ್ತೆ, ಕಾಲು ಎತ್ತಿ ಹಿಡಿದು ಅಡಿಯಲ್ಲಿ ಚಾಕು ಆಡಿಸಿದ್ರೆ ಪೂರ್ತಿ ಕೈಗೆ ಬರುತ್ತೆ. ಹಿಂಗಾಲಿಗೆ ಸೊಂಟದ ಕೀಲು ಇದೆ, ಸುತ್ತ ಕೊಯ್ದು ಬಗ್ಗಿಸಿದ್ರೆ ಲೊಟಕ್ ಅಂತ ಬಿಟ್ಕೊಳುತ್ತೆ. ಆಮೇಲೆ ಬೆನ್ನಿನ ಉದ್ದ ಪಟ್ಟಿ, ಕುತ್ತಿಗೆ ಮಾಂಸ. ಕೊನೆ ಪಕ್ಕೆಲುಬಿನ ಹಿಂದೆ ಕೈ ಹಾಕಿ ಒಳಗಿನ ಎಳೇ ಮಾಂಸ ತೆಗೀತಾರೆ. ಮಗ್ಗುಲು ಹೊರಳಿಸಿ ಮತ್ತೆ ಅದೇ. ಕರುಳು ಕೊನೇವರೆಗೂ ಮುಟ್ಟೋದೇ ಇಲ್ಲ.

ಅವಸರ ಯಾಕೆ ಅಂದ್ರೆ ಬಿಸಿ. ಅಕ್ಟೋಬರ್ ಚಳೀಲೂ ಆ ದಪ್ಪ ಚರ್ಮ ಕಂಬಳಿ ಹೊದಿಸಿದ ಹಾಗೆ, ಒಳಗಿನ ಬಿಸಿ ಹೊರಗೆ ಬರಲ್ಲ, ಮೊದ್ಲು ಹಳಸೋದು ತೊಡೆಯ ಮೂಳೆ ಪಕ್ಕದ ಮಾಂಸ. ಮೇಲೆ ಚೆನ್ನಾಗಿ ಕೆಂಪಗೇ ಇರುತ್ತೆ, ಮನೇಲಿ ಕೊಯ್ದಾಗ ವಾಸನೆ. ಅದಕ್ಕೇ ಗಾಳಿ ಆಡೋ ಬಟ್ಟೆ ಚೀಲಕ್ಕೆ ಹಾಕಿ ನೆರಳಲ್ಲಿ ಕೊಂಬೆಗೆ ನೇತುಹಾಕ್ತಾರೆ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ರೆ ಕೆಲಸ ಕೆಟ್ಟ ಹಾಗೇ.

ಆಮೇಲೆ ಹೊರೋದು. ಫ್ರೇಮ್ ಇರೋ ಬ್ಯಾಗಿಗೆ ಒಂದು ತೊಡೆ ಕಟ್ಟಿದ್ರೆ ಮೂವತ್ತು ಕೆಜಿ ಹತ್ರ. ಗಾಡಿ ಮೂರು ಕಿಲೋಮೀಟರ್ ದೂರ, ಒಂಬತ್ತು ಸಾವಿರ ಅಡಿ ಎತ್ತರ, ಹತ್ತು ಹೆಜ್ಜೆಗೆ ಉಸಿರು ಕಟ್ತಿತ್ತು. ಏರೋದೇ ಕಷ್ಟ ಅಂದ್ಕೊಂಡಿದ್ದೆ, ಅಲ್ಲ ಸಾರ್, ಇಳಿಯೋವಾಗ ಮಂಡಿ ಚಿಪ್ಪು ಕಳಚಿ ಬೀಳುತ್ತೇನೋ ಅನ್ಸುತ್ತೆ. ಒಟ್ಟು ನಾಲ್ಕು ಹೊರೆ, ನಾವಿಬ್ರು, ಸಂಜೆ ಒಂದು ಟ್ರಿಪ್ಪು, ಬೆಳಿಗ್ಗೆ ಒಂದು. ರಾತ್ರಿ ಉಳಿದ ಮಾಂಸಾನ ಅಸ್ಥಿಪಂಜರದಿಂದ ದೂರ ಒಯ್ದು ಎತ್ತರಕ್ಕೆ ಕಟ್ಟಿದ್ವಿ, ಕರಡಿ ಬಂದ್ರೆ ಮೊದ್ಲು ಕರುಳಿನ ಕಡೆ ಹೋಗ್ಲಿ ಅಂತ. ದುಡ್ಡಿರೋರು ಕುದುರೆ, ಹೇಸರಗತ್ತೆ ಬಾಡಿಗೆಗೆ ತಗೋತಾರೆ. ಎರಡು ಚಕ್ರದ ಕೈಗಾಡೀನೂ ಸಿಗುತ್ತೆ, ಆದ್ರೆ 1964ರ ಕಾಯ್ದೆ ಪ್ರಕಾರ ವೈಲ್ಡರ್‌ನೆಸ್ ಅಂತ ಘೋಷಿಸಿದ ಕಾಡಲ್ಲಿ ಅದಕ್ಕೂ ಪ್ರವೇಶ ಇಲ್ಲ. ತಿನ್ನೋ ಮಾಂಸ ಬಿಟ್ಟು ಬರೀ ಕೊಂಬು ಹೊತ್ಕೊಂಡು ಬಂದ್ರೆ ಅಲ್ಲಿ ಅಪರಾಧ. ಅದಕ್ಕೇ ಅನುಭವ ಇರೋರು ಗುಂಡು ಹಾರಿಸೋ ಮುಂಚೆ ಗಾಡಿ ಎಷ್ಟು ದೂರ, ಹೆಗಲು ಎಷ್ಟಿದೆ ಅಂತ ಲೆಕ್ಕ ಹಾಕ್ತಾರೆ. ನಮ್ಮೋರು ಹಾಕಿರ್ಲಿಲ್ಲ, ಅಥವಾ ನನ್ನ ಹೆಗಲು ಸೇರಿಸೇ ಹಾಕಿದ್ರೋ ಏನೋ.

ಮಗನಿಗೆ ಒಂದು ಮಾತು ಕೇಳೋಕೆ ಹೇಳಿ: ಆ ಪ್ರಾಣಿಗೆ ಸಿಡಬ್ಲ್ಯೂಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಟೆಸ್ಟ್ ಮಾಡ್ಸಿದ್ರಾ ಅಂತ. ಜಿಂಕೆ, ಎಲ್ಕ್‌ಗಳ ಮೆದುಳು ಹಾಳು ಮಾಡೋ ಕಾಯಿಲೆ, ಮೊದ್ಲು ಕಂಡಿದ್ದೇ ಕೊಲೊರಾಡೋದಲ್ಲಿ, 1967ರಲ್ಲಿ. ಮನುಷ್ಯರಿಗೆ ಬಂದದ್ದು ಖಚಿತ ಆಗಿಲ್ಲ, ಆದ್ರೂ ಪಾಸಿಟಿವ್ ಬಂದ ಮಾಂಸ ತಿನ್ಬೇಡಿ ಅಂತಾರೆ, ಎಷ್ಟು ಬೇಯಿಸಿದ್ರೂ ಆ ರೋಗದ ಅಂಶ ನಾಶ ಆಗಲ್ಲ.

ಪ್ರಶ್ನೆ: ನಮ್ಮ ತೋಟಕ್ಕೆ ಕಾಡುಹಂದಿ ಕಾಟ. ಹೊಡೆದು ಊರಲ್ಲಿ ಪಾಲು ಹಾಕ್ಕೊಂಡ್ರೆ ತಪ್ಪೇನು? — ಹೆಸರು ಬೇಡ

ಉತ್ತರ: ಹೆಸರು ಬೇಡ ಅಂದಿದ್ದೇ ಒಳ್ಳೇದಾಯ್ತು. 1972ರ ವನ್ಯಜೀವಿ ಕಾಯ್ದೆ ಇದೆ, ಅನುಮತಿ ಇಲ್ದೆ ಹೊಡೆದ್ರೆ ಕೇಸು. ಮಾಂಸಾನೂ ಸರ್ಕಾರದ ಸ್ವತ್ತು, ಪಾಲು ತಗೊಂಡವರೂ ಸಿಕ್ಕಿಬೀಳ್ತಾರೆ. ಅರಣ್ಯ ಇಲಾಖೆಗೆ ಅರ್ಜಿ ಕೊಡಿ.

ಪ್ರಶ್ನೆ: ಎಲ್ಕ್ ಮಾಂಸ ಮಟನ್ ಥರಾನೇ ಮಾಡ್ಬಹುದಾ? — ಗೃಹಿಣಿ, ಡೆನ್ವರ್

ಉತ್ತರ: ಕಾಲಿನ ಗಟ್ಟಿ ಮಾಂಸ ಮಾಡಿ ಮೇಡಂ, ಕುಕ್ಕರಲ್ಲಿ ಮಟನ್‌ಗಿಂತ ನಾಲ್ಕೈದು ವಿಷಲ್ ಜಾಸ್ತಿ. ಮೇಲಿನ ಬಿಳಿ ಕೊಬ್ಬೆಲ್ಲ ಕೆತ್ತಿ ಬಿಸಾಕಿ, ಅದು ಬಾಯಲ್ಲಿ ಮೇಣದ ಥರ ಅಂಟುತ್ತೆ. ಬೆನ್ನಿನ ಪಟ್ಟೀನ ಮಾತ್ರ ದಯವಿಟ್ಟು ಸಾರಿಗೆ ಹಾಕ್ಬೇಡಿ. ಉಪ್ಪು, ಮೆಣಸು ಹಾಕಿ ಕಾವಲಿ ಮೇಲೆ ತುಪ್ಪದಲ್ಲಿ ಎರಡೂ ಕಡೆ ಕೆಂಪಗೆ ಮಾಡಿದ್ರೆ ಸಾಕು.